ಕರಡಿಗೆ ಮಾತಿಲ್ಲ

ಕರಡಿ ಮತ್ತೆ ತಲೆಯಾಡಿಸಿತು. ಅಂದರೆ ಗಂಟೆಯಣ್ಣ ತಲೆಯಾಡಿಸಿದ. ಆ ಮೇಜಿನ ಸುತ್ತ ಕೂತವರಿಗೆ ಎರಡೂ ಒಂದೇ ಆಗಿ ತಿಂಗಳುಗಳೇ ಕಳೆದಿದ್ದವು.

"ಅದು ಹೌದು ಅಂತಲಾ, ಬೇಡ ಅಂತಲಾ ಮಾವ?" ಅಳಿಯ ಕೇಳಿದ. "ಸೇತುವೆ ದಾಟೋದಾ, ಗುಹೆಗೆ ನುಗ್ಗೋದಾ?"

ಗಂಟೆಯಣ್ಣ ಮೇಜಿನ ಮೇಲಿನ ನಕ್ಷೆಯಲ್ಲಿ ಗುಹೆಯ ಕಡೆ ಬೆರಳು ತೋರಿಸಿ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕಿಟಕಿಯ ತನಕ ಹೋಗಿ ಕೆಳಗಿನ ಬೀದಿ ನೋಡಿದ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ವಾಪಸು ಬಂದು ಕೂತು ಕಾಲು ಕುಣಿಸತೊಡಗಿದ. ಮೇಜು ಅಲ್ಲಾಡಿ, ನಕ್ಷೆಯ ಮೇಲೆ ನಿಲ್ಲಿಸಿದ್ದ ಪುಟ್ಟ ಗೊಂಬೆಗಳಲ್ಲಿ ಒಂದು ಮುಗ್ಗರಿಸಿ ಬಿತ್ತು.

"ಅಪ್ಪಾ, ಕಾಲು," ಎಂದಳು ಮಗಳು, ತಲೆಯೆತ್ತದೆ.

ಮಗಳು ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಶನಿವಾರ ಮಧ್ಯಾಹ್ನ ತವರಿಗೆ ಬಂದು, ಊಟದ ಮೇಜಿನ ಮೇಲೆ ತಾನೇ ಬರೆದ ಕಾಡು ಕೋಟೆಗಳ ನಕ್ಷೆ ಹರಡಿ, ಸಂಜೆಯವರೆಗೆ ಈ ಆಟ ಆಡಿಸುವುದು ಅವಳ ರೂಢಿ. ಕಥೆ ನಡೆಸುವವಳು ಅವಳು. ಕಥೆಯೊಳಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಏನು ಮಾಡುತ್ತೇನೆಂದು ಆಟಗಾರ ಹೇಳಬೇಕು, ಅದು ನಡೆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಲಿಫ್ಟ್ ರಿಪೇರಿ ಮಾಡುವ ಅಳಿಯ ಇಲ್ಲಿ ಕತ್ತಿ ಹಿಡಿದ ವೀರ. ಮೇಲಿನ ಮಹಡಿಯಲ್ಲಿರುವ, ಔಷಧಿ ಅಂಗಡಿ ನಡೆಸುವ ಹೆಂಗಸು ಬೀಗ ಮುರಿಯುವ ಕಳ್ಳಿ. ಆಟದ ಹೊರಗೆ ಎಲ್ಲರ ಬಾಯಲ್ಲೂ ಮಾತ್ರೆ ಅಕ್ಕ. ಗಂಟೆಯಣ್ಣ ಡ್ರೂಯಿಡ್, ಅಂದರೆ ಕಾಡಿನ ಮಂತ್ರವಾದಿ. ಆ ಹೆಸರು ನಾಲಿಗೆಗೆ ತೊಡರುತ್ತದೆಂದು ಎಲ್ಲರೂ ಕಾಡಜ್ಜ ಅನ್ನುತ್ತಿದ್ದರು.

ಗಂಟೆ ಎನ್ನುವುದು ಮಾರುಕಟ್ಟೆ ಇಟ್ಟ ಹೆಸರು. ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಈರುಳ್ಳಿ ಮೂಟೆಗಳ ನಡುವೆ ಹಾಕಿದ ಹಲಗೆ ಹತ್ತಿ ಅವನು ಬಾಯಿ ತೆರೆದರೆ, ಹೊರಗೆ ಲಾರಿ ಹಿಂದಕ್ಕೆ ತೆಗೆಯುತ್ತಿದ್ದ ಡ್ರೈವರುಗಳಿಗೂ ಅವತ್ತಿನ ಬೆಲೆ ಗೊತ್ತಾಗುತ್ತಿತ್ತು. ಮೈಕು ಕೊಡುತ್ತೇವೆಂದು ಬಂದವರನ್ನು ನಕ್ಕು ಕಳಿಸಿದ್ದ. ಆಟದಲ್ಲೂ ಅದೇ ಗತ್ತು. ಕಾಡಜ್ಜ ಸಿಡಿಲು ಕರೆದರೆ ಷೋಕೇಸಿನ ಗಾಜು ನಡುಗುತ್ತಿತ್ತು, ಪಕ್ಕದ ಮನೆಯವರು ಬಾಗಿಲು ತೆಗೆದು ಇಣುಕುತ್ತಿದ್ದರು. ಬೇರೆ ಕಡೆ ಈ ಆಟ ಆಡುವವರು "ಮಂತ್ರ ಹಾಕಿದೆ" ಎಂದು ದಾಳ ಉರುಳಿಸಿದರೆ ಸಾಕಂತೆ. ಈ ಮೇಜಿನಲ್ಲಿ ಹಾಗಲ್ಲ. "ಕೂಗದೆ ಇದ್ದ ಬೆಲೆ ಬೆಲೆಯಲ್ಲ, ಬಾಯಲ್ಲಿ ಹೇಳದೆ ಇದ್ದ ಮಂತ್ರ ಮಂತ್ರ ಅಲ್ಲ" ಎಂದು ನಿಯಮ ಹಾಕಿದವನೇ ಗಂಟೆಯಣ್ಣ.

ಆಮೇಲೆ ಅವನ ಗಂಟಲೊಳಗೆ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆಯಿತು. ನಾವು ಹೇಳುವವರೆಗೆ ಪಿಟ್ಟೆನ್ನಬಾರದು ಎಂದು ಆಸ್ಪತ್ರೆಯಲ್ಲಿ ಕಟ್ಟಪ್ಪಣೆ ಮಾಡಿದರು. ಆಟ ನಿಲ್ಲಿಸುವುದು ಬೇಡವೆಂದು ಮಗಳು "ನೀನು ಮಂತ್ರ ಬರೆದು ತೋರಿಸು ಅಪ್ಪ, ನಾನು ಓದ್ತೀನಿ" ಅಂದಳು. ಗಂಟೆಯಣ್ಣ ಕೈಯಾಡಿಸಿದ. ತಾನೇ ಹಾಕಿದ ನಿಯಮವನ್ನು ತನಗಾಗಿ ಸಡಿಲಿಸುವ ಜಾಯಮಾನ ಅವನದಲ್ಲ. ಅದರ ಬದಲು ಕರಡಿಯ ಗೊಂಬೆ ಎತ್ತಿ ನಕ್ಷೆಯ ಮೇಲಿಟ್ಟ. ಪ್ರಾಣಿಯ ರೂಪ ತಾಳುವುದು ಕಾಡಜ್ಜನಿಗೆ ಹುಟ್ಟು ವಿದ್ಯೆ, ಅದಕ್ಕೆ ಮಂತ್ರ ಬೇಕಿಲ್ಲ. ಆದರೆ ಪ್ರಾಣಿಯಾದ ಮೇಲೆ ಮಾತಿಲ್ಲ, ಮಾತಿಲ್ಲದ ಮೇಲೆ ಯಾವ ಮಂತ್ರವೂ ಇಲ್ಲ. ಬೇರೆ ಆಟಗಾರರೆಲ್ಲ ಅದನ್ನು ಕಾಡಜ್ಜನ ದೊಡ್ಡ ಕುಂದು ಅನ್ನುತ್ತಾರೆ. ಗಂಟೆಯಣ್ಣನಿಗೆ ಅದೇ ಬೆಚ್ಚಗಿನ ಹೊದಿಕೆಯಾಯಿತು. ಕರಡಿ ಮಾತಾಡಲಿಲ್ಲವೆಂದು ಯಾರೂ ಅಯ್ಯೋ ಪಾಪ ಅನ್ನುವುದಿಲ್ಲ.

ಈಗ ಒಂದು ತಿಂಗಳಿಂದ ಆ ಹೊದಿಕೆ ಚುಚ್ಚುತ್ತಿತ್ತು.

ಹೋದ ತಿಂಗಳು ಅವನು ಒಬ್ಬನೇ ಆಸ್ಪತ್ರೆಗೆ ಹೋಗಿದ್ದ. ಡಾಕ್ಟರಮ್ಮ ಗಂಟಲೊಳಗೆ ದೀಪ ಬಿಟ್ಟು ನೋಡಿ, "ಗಾಯ ಮಾಗಿದೆ, ಇವತ್ತಿಂದಲೇ ಮಾತಾಡಿ" ಅಂದಿದ್ದರು. "ಹಳೇ ದನಿ ಬರಲ್ಲ, ಅದರ ಆಸೆ ಬಿಡಿ. ಉಳಿದಿರೋದು ಇಷ್ಟು. ಇದನ್ನೂ ಬಳಸದೆ ಬಿಟ್ಟರೆ ಇದೂ ಹೋಗುತ್ತೆ. ಆಮೇಲೆ ಬಂದು ನನ್ನ ಕೇಳ್ಬೇಡಿ."

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ "ಏನಂದ್ರು?" ಎಂದಳು. ಗಂಟೆಯಣ್ಣ ತುಟಿಯ ಮೇಲೆ ಬೆರಳಿಟ್ಟು, ಕೈಯನ್ನು ಅಡ್ಡಡ್ಡ ಆಡಿಸಿದ. ಇನ್ನೂ ಇಲ್ಲ. ಯಾಕೆ ಹಾಗೆ ಮಾಡಿದೆನೆಂದು ಆ ಕ್ಷಣಕ್ಕೆ ಅವನಿಗೇ ತಿಳಿಯಲಿಲ್ಲ. ಬಚ್ಚಲುಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಅವಳ ಹೆಸರು ಹಿಡಿದು ಕರೆದು ನೋಡಿದಾಗ ತಿಳಿಯಿತು. ತೆಳ್ಳನೆಯ, ಒಡೆದ, ಅರ್ಧ ಗಾಳಿ ಅರ್ಧ ಸದ್ದಿನ ದನಿ. ಯಾರದೋ ದನಿ. ಅವನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ವರ್ಷ ಇನ್ನೊಂದು ದನಿಯ ಜೊತೆ ಸಂಸಾರ ಮಾಡಿದವಳು ಇದನ್ನು ಕೇಳಿ ಮುಖ ಹೇಗೆ ಮಾಡಿಯಾಳು? ನಾಳೆ ಹೇಳೋಣ ಅಂದುಕೊಂಡ. ಆ ನಾಳೆ ಬರಲೇ ಇಲ್ಲ. ರಾತ್ರಿ ಮಗ್ಗುಲು ಬದಲಿಸಿದ, ಬೆಳಿಗ್ಗೆ ಕಾರಣವಿಲ್ಲದೆ ಬೀದಿ ಸುತ್ತಿದ. ಒಂದು ಕಡೆ ನಿಂತರೆ ಆಗುತ್ತಿರಲಿಲ್ಲ, ಕೂತರೂ ಆಗುತ್ತಿರಲಿಲ್ಲ.

ಆದರೆ ಬಚ್ಚಲುಮನೆಯ ಗಾಳಿಕಿಂಡಿ ಮೇಲಿನ ಮಹಡಿಗೂ ಹೋಗುತ್ತದೆ. ಮಾರನೆಯ ದಿನ ಮೆಟ್ಟಿಲ ಮೇಲೆ ಮಾತ್ರೆ ಅಕ್ಕ ಎದುರಾದಳು. "ಗಂಟಲು ಬಂತು ಅನ್ಸುತ್ತೆ ಅಣ್ಣ. ಒಳ್ಳೇದಾಯ್ತು," ಅಂದಳು. ಗಂಟೆಯಣ್ಣ ಬಿಳಿಚಿಕೊಂಡು ಕೈಮುಗಿದ. ಅವಳು ಅವನ ಮುಖವನ್ನೇ ನೋಡಿ, "ಸರಿ, ನಾನು ಹೇಳಲ್ಲ. ಅದು ನಿಮ್ಮ ಕೆಲಸ," ಎಂದು ಇಳಿದು ಹೋದಳು. ಅವತ್ತಿನಿಂದ ಆಟದ ಮೇಜಿನಲ್ಲಿ ಅವಳ ಕಣ್ಣು ತಪ್ಪಿಸುವುದೇ ಅವನಿಗೊಂದು ಆಟವಾಗಿತ್ತು.

ಇವತ್ತಂತೂ ಸಾಕುಬೇಕಾಗಿತ್ತು. ಪಕ್ಕದ ಕೋಣೆಯಲ್ಲಿ ಹೆಂಡತಿ ಶಾಲೆಯ ಯೂನಿಫಾರ್ಮು ಹೊಲಿಯುತ್ತ ಕೂತಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಮಷಿನ್ನಿನ ಸದ್ದಿನ ನಡುವೆ ಫೋನು ಬಂತು. ಮಾರುಕಟ್ಟೆಯ ಗುಮಾಸ್ತನೇ ಎಂದು ಅವಳು ಕುರ್ಚಿಯಲ್ಲಿ ನೆಟ್ಟಗೆ ಕೂತ ರೀತಿಯಲ್ಲೇ ಗೊತ್ತಾಯಿತು.

"ಇಲ್ಲ ಗುಮಾಸ್ತರೇ, ಡಾಕ್ಟರು ಇನ್ನೂ ಒಪ್ಪಿಲ್ಲ," ಅನ್ನುತ್ತಿದ್ದಳು. "ಮೈಕಿದೆ ಅಂತೀರಿ, ಸರಿ. ಮಾತೇ ಆಡಬಾರದು ಅಂದ್ಮೇಲೆ ಮೈಕಿಟ್ಕೊಂಡು ಏನು ಮಾಡ್ತಾರೆ ಹೇಳಿ. ಜಾಗ ಖಾಲಿ ಇಡಕ್ಕಾಗಲ್ಲ ಅಂತ ನನಗೂ ಗೊತ್ತು. ಇನ್ನೊಂದು ವಾರ ತಡೀರಿ. ಅವರೇನು ಬೇಕು ಅಂತ ಮನೇಲಿ ಕೂತಿದ್ದಾರಾ? ಕಾಲಿಗೆ ಬಿದ್ದೆ ಅಂತಲೇ ತಿಳ್ಕೊಳ್ಳಿ."

ಗಂಟೆಯಣ್ಣನ ಕಿವಿ ಬಿಸಿಯಾಯಿತು. ಫೋನಿಟ್ಟ ಮೇಲೆ ಮಷಿನ್ನು ಮತ್ತೆ ಓಡತೊಡಗಿತು. ಅವನು ದಾಳವೊಂದನ್ನು ಅಂಗೈಯಲ್ಲಿ ಹಿಂಡುತ್ತ ನಕ್ಷೆಯನ್ನು ದಿಟ್ಟಿಸಿದ.

"ಗುಹೆಯೊಳಗೆ ಕತ್ತಲೆ," ಎಂದಳು ಮಗಳು. "ಕರಡಿ ಮುಂದೆ, ವೀರ ಹಿಂದೆ, ಕಳ್ಳಿ ಗೋಡೆ ಪಕ್ಕ. ಎಲ್ಲೋ ಕಲ್ಲು ಉಜ್ಜಿದ ಸದ್ದು."

"ನನ್ನ ಕೇಳಿದ್ರೆ ಕಾಡಜ್ಜನ್ನ ಆರಿಸ್ಕೊಳ್ಳೋದೇ ದಡ್ಡತನ," ಅಳಿಯ ಶುರುಮಾಡಿದ. ಗುಹೆಯ ಕತ್ತಲೆಯಲ್ಲಿ ಧೈರ್ಯಕ್ಕೆ ಅವನಿಗೆ ಜಗಳ ಬೇಕು. "ಕಬ್ಬಿಣದ ಕವಚ ತೊಡೋ ಹಾಗಿಲ್ಲ. ಮೈಯೆಲ್ಲ ಬರೀ ಚರ್ಮ. ಹೊಡೆಯೋದ್ರಲ್ಲಿ ನನ್ನಷ್ಟಿಲ್ಲ, ಕದಿಯೋದ್ರಲ್ಲಿ ಅಕ್ಕನಷ್ಟಿಲ್ಲ. ಎಲ್ಲದರಲ್ಲೂ ಅಷ್ಟಷ್ಟೆ."

"ಎಲ್ಲದರಲ್ಲೂ ಅಷ್ಟಷ್ಟು ಇರೋನೇ ಕೊನೆಗೆ ಬೇಕಾಗೋದು," ಎಂದಳು ಮಾತ್ರೆ ಅಕ್ಕ. "ಹೋದ ವರ್ಷ ನಿನಗೆ ಹಾವು ಕಚ್ಚಿದಾಗ ವಿಷ ಇಳಿಸಿದ್ದು ಯಾರು? ಹೊಳೆಗೆ ಬಿದ್ದಾಗ ಮರದ ಬೇರು ಬಗ್ಗಿಸಿ ಎತ್ತಿದ್ದು ಯಾರು? ನಿನ್ನ ಕತ್ತಿಯಾ?"

"ಅದು ಮಾತಾಡೋ ಕಾಡಜ್ಜ. ಈಗಿರೋದು ಕರಡಿ. ಬಿಟ್ಟರೆ ಪರಚುತ್ತೆ, ಇಲ್ಲದಿದ್ರೆ ಮಲಗುತ್ತೆ." ಹೇಳಿದ ಮೇಲೆ ಅಳಿಯನಿಗೆ ಇರಿಸುಮುರಿಸಾಯಿತು. "ಆಟದ ಮಾತು ಮಾವ. ನಿಮಗೆ ಹೇಳಿದ್ದಲ್ಲ."

ಗಂಟೆಯಣ್ಣ ಪರವಾಗಿಲ್ಲ ಎನ್ನುವಂತೆ ಕೈಯೆತ್ತಿದ. ಆದರೆ ಮಾತು ನಾಟಿತ್ತು. ಅಳಿಯ ಹೇಳಿದ್ದು ಅಕ್ಷರಶಃ ನಿಜ.

ಕಲ್ಲು ಉಜ್ಜಿದ ಸದ್ದು ಗುಹೆಯ ರಾಕ್ಷಸನದು. ಮಗಳು ಅವನನ್ನು ತಂದದ್ದೇ ತಡ, ಕರಡಿ ಅವನ ಮೇಲೆ ಬಿದ್ದು ಹೊಡೆಯಿತು. ಗಂಟೆಯಣ್ಣನ ದಾಳ ಚೆನ್ನಾಗಿಯೇ ಬಿದ್ದವು. ಆದರೆ ರಾಕ್ಷಸನ ಬಂಡೆಗಲ್ಲು ಕರಡಿಯ ನೆತ್ತಿಗೆ ಸರಿಯಾಗಿ ಬಂತು. ಮಗಳು ಮಡಿಸಿ ನಿಲ್ಲಿಸಿದ್ದ ರಟ್ಟಿನ ಹಿಂದೆ ಲೆಕ್ಕ ಹಾಕಿ, ಕರಡಿಯ ಗೊಂಬೆಯನ್ನು ಎತ್ತಿಕೊಂಡಳು. ಆ ಜಾಗದಲ್ಲಿ ಕೋಲು ಹಿಡಿದ ಮುದುಕನ ಗೊಂಬೆ ಇಟ್ಟಳು.

"ಕರಡಿಯ ಪ್ರಾಣ ಮುಗೀತಪ್ಪ. ನೀನೀಗ ಮನುಷ್ಯ. ಮತ್ತೆ ಪ್ರಾಣಿಯಾಗೋ ಶಕ್ತಿ ಬರಬೇಕಾದ್ರೆ ವಿಶ್ರಾಂತಿ ಬೇಕು."

ಇಷ್ಟು ದಿನ ಹೇಗೋ ತಪ್ಪಿಸಿಕೊಂಡು ಬಂದದ್ದು ಇದು. ಗಂಟೆಯಣ್ಣ ಮುದುಕನ ಗೊಂಬೆಯನ್ನು ನೋಡಿದ. ಬಣ್ಣ ಹಚ್ಚಿದವಳು ಮಗಳೇ. ಗಡ್ಡದ ನಡುವೆ ಬಾಯಿ ತೆರೆದ ಹಾಗೆ ಒಂದು ಕೆಂಪು ಗೆರೆ ಎಳೆದಿದ್ದಳು.

ಮುಂದಿನ ಹೊಡೆತಕ್ಕೆ ವೀರ ಉರುಳಿದ. ಕಳ್ಳಿ ರಾಕ್ಷಸ ಒಡ್ಡಿದ್ದ ಬಲೆಯಲ್ಲಿ ಸಿಕ್ಕಿ ನೇತಾಡುತ್ತಿದ್ದಳು. ಬಿದ್ದವನು ಸಾಯುವುದಕ್ಕೆ ಈ ಆಟದಲ್ಲಿ ಒಂದು ಕ್ರಮವಿದೆ: ಪ್ರತಿ ಸುತ್ತಿಗೂ ದಾಳ ಎಸೆಯಬೇಕು, ಮೂರು ಸಲ ಸೋತರೆ ಸತ್ತ ಹಾಗೆ, ಅಷ್ಟರೊಳಗೆ ಯಾರಾದರೂ ಗುಣಪಡಿಸಿದರೆ ಬದುಕಿದ. ಅಳಿಯ ಎಸೆದ. ಸೋತ. ಮತ್ತೆ ಎಸೆದ. ಮತ್ತೆ ಸೋತ.

"ಎರಡು ಸಲ," ಎಂದಳು ಮಗಳು.

ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗಿ ಕೂಗಿ ಜೀವನ ಸವೆಸಿದವನು ಗಂಟೆಯಣ್ಣ. ಎರಡಾದ ಮೇಲೆ ಎಷ್ಟು ತಡೆಯಬೇಕು, ಯಾವಾಗ ಮೂರು ಅನ್ನಬೇಕು ಎನ್ನುವುದು ಅವನ ರಕ್ತದಲ್ಲೇ ಇತ್ತು. ಈಗ ಆ ತಡೆಯುವ ಹೊತ್ತು ಅವನ ಎದೆಯ ಮೇಲೆ ಕೂತಿತು.

"ಮಾವ, ಬರೆದು ಕೊಟ್ಬಿಡಿ," ಅಳಿಯ ಅಂಗಲಾಚಿದ. ಐದು ವರ್ಷ ಆಡಿ ಬೆಳೆಸಿದ ಪಾತ್ರ ಅವನದು. ನಗುತ್ತಿದ್ದರೂ ಕಣ್ಣಲ್ಲಿ ನಗುವಿರಲಿಲ್ಲ. "ಇದೊಂದು ಸಲ ನಿಯಮ ಗಿಯಮ ಬೇಡ."

"ಬರಿ ಅಪ್ಪ, ನಾನು ಓದ್ತೀನಿ," ಮಗಳು ಪೆನ್ಸಿಲ್ ಮುಂದೆ ತಳ್ಳಿದಳು.

"ಬರೆಯೋದು ಬೇಡ," ಎಂದಳು ಮಾತ್ರೆ ಅಕ್ಕ.

ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಗಂಟೆಯಣ್ಣನನ್ನೇ ನೋಡುತ್ತಿದ್ದಳು. "ಈ ಮೇಜಿನ ನಿಯಮ ಏನು? ಬಾಯಲ್ಲಿ ಹೇಳ್ಬೇಕು. ಹೇಳಲಿ."

"ಏನಕ್ಕ ಹಾಗಂದ್ರೆ?" ಮಗಳ ಮುಖ ಕೆಂಪಾಯಿತು. "ಡಾಕ್ಟರು ಮಾತಾಡಬೇಡಿ ಅಂದಿದ್ದಾರೆ, ನಿಮಗೆ ಗೊತ್ತಿಲ್ವಾ? ಔಷಧಿ ಅಂಗಡಿ ಇಟ್ಕೊಂಡಿದ್ದೀರಿ. ಒಂದು ಆಟಕ್ಕೋಸ್ಕರ ನಮ್ಮಪ್ಪನ ಗಂಟಲು ಹೋಗ್ಲಿ ಅಂತೀರಾ?"

ಮಾತ್ರೆ ಅಕ್ಕ ದಾಳದ ಚೀಲ ಹತ್ತಿರ ಎಳೆದುಕೊಂಡಳು. "ಸರಿ, ತಪ್ಪಾಯ್ತು," ಅಂದಳು.

"ತಪ್ಪಾಯ್ತು ಅಂದ್ರೆ ಆಯ್ತಾ? ಮನೆಯವರ ಥರ ಇದ್ದೀರಿ ಅಂತ ಅಂದ್ಕೊಂಡಿದ್ವಿ. ಅಮ್ಮ ಒಬ್ಬಳೇ ಎಷ್ಟು ಒದ್ದಾಡ್ತಿದ್ದಾಳೆ, ಫೋನಲ್ಲಿ ಕೇಳಿಸ್ಕೊಂಡ್ರಲ್ಲ. ಅಷ್ಟಾದ್ರೂ ಬೇಡ್ವಾ ನಿಮಗೆ?"

ಮಾತ್ರೆ ಅಕ್ಕ ತಲೆ ತಗ್ಗಿಸಿ ತನ್ನ ದಾಳಗಳನ್ನು ಚೀಲಕ್ಕೆ ತುಂಬತೊಡಗಿದಳು. ಒಂದು ಮಾತಲ್ಲಿ ಅವಳು ಬಿಡಿಸಿಕೊಳ್ಳಬಹುದಿತ್ತು. ಆ ಮಾತು ಅವಳು ಆಡಲಿಲ್ಲ. ಗಂಟೆಯಣ್ಣ ಮೇಜಿನ ಅಂಚು ಹಿಡಿದ. ತನ್ನ ಸುಳ್ಳನ್ನು ನಂಬಿ ಮಗಳು ಒಬ್ಬ ಒಳ್ಳೆಯ ಹೆಂಗಸಿನ ಮೇಲೆ ಹರಿಹಾಯುತ್ತಿದ್ದಳು. ಅದೇ ಸುಳ್ಳನ್ನು ನಂಬಿ ಹೆಂಡತಿ ಈಗ ತಾನೆ ಗುಮಾಸ್ತನ ಕಾಲು ಹಿಡಿದಿದ್ದಳು. ತಾನು ಮಾತ್ರ ಗೊಂಬೆಯ ಹಾಗೆ ಕೂತಿದ್ದ. ಇಷ್ಟು ಹೇಡಿ ತಾನೆಂದು ಅವನಿಗೆ ಈ ಮುಂಚೆ ಗೊತ್ತಿರಲಿಲ್ಲ.

"ಅವಳನ್ನ ಬೈಬೇಡ."

ಮೊದಲು ಯಾರಿಗೂ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಅಳಿಯ ಕಿಟಕಿಯ ಕಡೆ ನೋಡಿದ. ಮಗಳು ಅಪ್ಪನ ತುಟಿ ಇನ್ನೂ ಅಲುಗುತ್ತಿರುವುದನ್ನು ಕಂಡು ಕೈಯಲ್ಲಿದ್ದುದನ್ನೆಲ್ಲ ಕೆಳಗಿಟ್ಟಳು.

ಒಮ್ಮೆ ಬಾಯಿ ಬಿಟ್ಟ ಮೇಲೆ ಮುಚ್ಚುವುದಕ್ಕೆ ಅವನಿಗೆ ಹೆದರಿಕೆಯಾಯಿತು. ಮುಚ್ಚಿದರೆ ಇನ್ನು ತೆರೆಯಲಾರೆ ಅನ್ನಿಸಿತು. ಕಾಡಜ್ಜ ಹಿಂದೆ ಎಷ್ಟೋ ಸಲ ಹೇಳಿದ್ದ ಮಂತ್ರ, ತಾನೇ ಕಟ್ಟಿದ ಮಂತ್ರ, ಎದುರಿಗಿತ್ತು. ಅದನ್ನೇ ಹಿಡಿದುಕೊಂಡ.

"ಮಣ್ಣೇ, ಇವನನ್ನ ಬಿಡು. ಚಿಗುರೇ, ಇವನನ್ನ ಹಿಡಿ." ದನಿ ನಡುವೆ ಎರಡು ಕಡೆ ಮುರಿಯಿತು. ಕೆಮ್ಮು ಬಂತು. ಕೆಮ್ಮಿ, ಇನ್ನೂ ಸ್ವಲ್ಪ ಎತ್ತರಿಸಿ ಹೇಳಿದ: "ಬೇರಿಂದ ಬಂದ ಉಸಿರು ಇವನಿಗೆ ಸೇರಲಿ. ಏಳು."

ಪಕ್ಕದ ಕೋಣೆಯಲ್ಲಿ ಮಷಿನ್ನು ನಿಂತಿತು.

"ಯಾರೇ ಬಂದಿದ್ದು?" ಹೆಂಡತಿ ಕೂಗಿದಳು.

ಅವಳು ಕೊರಳಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡೇ ಬಾಗಿಲಿಗೆ ಬಂದಳು. ಮೊದಲು ಹೊರಬಾಗಿಲ ಕಡೆ ನೋಡಿದಳು, ಆಮೇಲೆ ಮೇಜಿನ ಸುತ್ತ. "ಯಾರೋ ಮಾತಾಡಿದ ಹಾಗಿತ್ತು. ಯಾರು ಬಂದ್ರು?"

ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡ ದಿನದಿಂದ ಗಂಟೆಯಣ್ಣ ಹೆದರಿದ್ದು ಇದಕ್ಕೇ. ಹೀಗೇ ಆಗುತ್ತದೆಂದು ಅಂದುಕೊಂಡಿದ್ದ. ಹೀಗೇ ಆಯಿತು. ಮಗಳು ಏನೋ ಹೇಳಹೊರಟಳು. ಅವನು ಕೈಯೆತ್ತಿ ತಡೆದ.

"ನಾನೇ," ಎಂದ.

ಅವಳು ಅವನನ್ನೇ ನೋಡುತ್ತ ನಿಂತಳು. ಮುಖ ಅವನು ಹೆದರಿದಂತೆ ಆಗಲಿಲ್ಲ. ಮೊದಲು ಒಂದು ಗಳಿಗೆ ಅದು ಅರಳಿತು ಕೂಡ. ಆಮೇಲೆ ಅವಳು ಮಾತ್ರೆ ಅಕ್ಕನ ತಗ್ಗಿದ ತಲೆ ನೋಡಿದಳು, ಗಂಡನ ಕಣ್ಣು ನೋಡಿದಳು. ಹೊಲಿಯುವವಳು ಬಟ್ಟೆ ನೋಡಿಯೇ ಎಲ್ಲಿ ಬಿಚ್ಚಿ ಹೊಲಿದಿದೆ ಎಂದು ಹೇಳಬಲ್ಲವಳು.

"ಯಾವಾಗಿಂದ?"

"ಹೋದ ತಿಂಗಳು."

"ಹೋದ ತಿಂಗಳು," ಎಂದಳು. ದನಿ ಏರಲಿಲ್ಲ. "ಈಗ ಆ ಗುಮಾಸ್ತನಿಗೆ ಸುಳ್ಳು ಹೇಳಿದೆನಲ್ಲ ನಾನು. ಸುಳ್ಳು ಅಂತ ಗೊತ್ತಿಲ್ದೆ ಹೇಳಿದೆ. ನಿಮಗೆ ಕೇಳಿಸ್ತಲ್ಲ?"

"ಕೇಳಿಸ್ತು."

"ಆಪರೇಷನ್ ಆದಾಗಿಂದ ಈ ಮನೇಲಿ ನಾನೊಬ್ಬಳೇ ಮಾತಾಡ್ತಿದ್ದೀನಿ ರೀ. ಪ್ರಶ್ನೆನೂ ನಂದೇ, ಉತ್ತರಾನೂ ನಂದೇ. ನನ್ನ ದನಿ ಕೇಳಿ ಕೇಳಿ ನನಗೇ ವಾಕರಿಕೆ ಬಂದಿದೆ. ಪಾಪ, ಅವರ ಕೈಲಿ ಆಗಲ್ವಲ್ಲ ಅಂತ ಸುಮ್ಮನಿದ್ದೆ." ಅವಳು ತಿರುಗಿ ಕೋಣೆಗೆ ಹೋದಳು.

ಮಗಳು ಕೈ ಚಾಚಿ ಮಾತ್ರೆ ಅಕ್ಕನ ತೋಳು ಹಿಡಿದಳು. ಅಳಿಯ ಬಹಳ ಮೆಲ್ಲಗೆ, "ಹಾಗಾದ್ರೆ ನಾನು ಬದುಕಿದ್ನಾ?" ಎಂದು ಕೇಳಿ, ತನ್ನ ಹೆಂಡತಿ ನೋಡಿದ ನೋಟಕ್ಕೆ ಸುಮ್ಮನಾದ.

ಗಂಟೆಯಣ್ಣ ಎದ್ದ. ಈ ಸಲ ಕಿಟಕಿಯ ಕಡೆ ಹೋಗಲಿಲ್ಲ. ಕೋಣೆಯ ಹೊಸ್ತಿಲಲ್ಲಿ ನಿಂತ. ಅವಳು ಬೆನ್ನು ಹಾಕಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರದ ತುದಿ ಸೂಜಿಯ ಕಣ್ಣಿನ ಆಚೆ ಈಚೆ ಹೋಗುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ.

"ನಿನಗೆ ಕೇಳಿಸಬಾರದು ಅಂತ," ಎಂದ. "ಈ ದನಿ. ನೀನು ಏನಂದ್ಕೋತೀಯೋ ಅಂತ."

"ಯಾರೋ ಬಂದರು ಅಂದ್ಕೊಂಡೆ," ಎಂದಳು ಅವಳು, ತಿರುಗದೆ. "ನಿಜ ಹೇಳ್ತೀನಿ. ಯಾರೋ ಹೊರಗಿನವರು ಅಂದ್ಕೊಂಡೆ."

ಹೊರಗೆ ಮಗಳು ಮೆಲ್ಲಗೆ ದಾಳಗಳನ್ನು ಡಬ್ಬಿಗೆ ತುಂಬುವುದು ಕೇಳಿಸಿತು.

"ಮತ್ತೆ ಬಾಯಿ ಮುಚ್ಕೊಂಡ್ರಾ?" ಎಂದಳು ಹೆಂಡತಿ. "ಮಾತಾಡಿ."

"ಏನು ಮಾತಾಡ್ಲಿ?"

"ಏನಾದ್ರೂ. ನನ್ನ ಕಿವಿಗೆ ಅಭ್ಯಾಸ ಆಗ್ಬೇಕಲ್ಲ."

ಅವನು ಒಳಗೆ ಬಂದು, ಹೊಲಿದಿಟ್ಟ ಅಂಗಿಗಳ ಗಂಟನ್ನು ಪಕ್ಕಕ್ಕೆ ಸರಿಸಿ, ಸ್ಟೂಲಿನ ಮೇಲೆ ಕೂತ. ಮಂಡಿಯ ಮೇಲೆ ಕೈಯಿಟ್ಟುಕೊಂಡ. ಎಲ್ಲಿಂದ ಶುರುಮಾಡಬೇಕೋ ತೋಚಲಿಲ್ಲ. ಕ್ಷಮಿಸು ಎಂಬ ಮಾತು ಆ ಗಂಟಲಲ್ಲಿ ಇನ್ನೂ ಹೊರಡುವ ಹಾಗಿರಲಿಲ್ಲ. ಕೊನೆಗೆ ನಾಲಿಗೆಗೆ ಬಂದದ್ದನ್ನೇ ಹೇಳಿದ.

"ಕಾಡಜ್ಜ ಅಂತ ಒಬ್ಬ ಇದ್ದಾನೆ. ನೀನು ಯಾವತ್ತೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವನಿಗೆ ಕಬ್ಬಿಣ ಆಗಿಬರಲ್ಲ. ಗಾಯ ಆದವರನ್ನ ಎಬ್ಬಿಸ್ತಾನೆ. ಹಕ್ಕಿ ಆಗು ಅಂದ್ರೆ ಹಕ್ಕಿ ಆಗ್ತಾನೆ, ಮೀನು ಆಗು ಅಂದ್ರೆ ಮೀನು…"

ದನಿ ಅಲ್ಲಿ ಒಡೆದು ಬರೀ ಗಾಳಿಯಾಯಿತು. ಅವನು ನಿಲ್ಲಿಸಿ, ಉಗುಳು ನುಂಗಿ, ಮೀನಿನಿಂದ ಮತ್ತೆ ಶುರುಮಾಡಿದ. ಅವಳು ತಿರುಗಲಿಲ್ಲ. ದಾರವನ್ನು ಬಿಟ್ಟು, ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿಕೊಂಡಳು.